ಒಕ್ಕೊರಲು

ಮಲಯಾಳದಲ್ಲಿ ಬರೆದ ನಡಾವಳಿಯನ್ನು
ಕನ್ನಡಕ್ಕೆ ತರುವುದು ನನ್ನ ಕೆಲಸ. ದಿನಗೂಲಿ.
ತಲಪಾಡಿಯ ಈಚೆಗಿನ ಪಂಚಾಯತು,
ಎರಡು ಭಾಷೆಯ ಬೋರ್ಡು, ಒಂದೇ ಪ್ರಿಂಟರು,
ಅದರಲ್ಲೂ ಆ ವಾರ ಶಾಯಿ ಇರಲಿಲ್ಲ.

ಸದಸ್ಯರು ಹದಿನೈದು: ಏಳು, ಆರು, ಎರಡು.
ಕುರ್ಚಿಗೂ ಕುರ್ಚಿಗೂ ಆರಡಿ ಬಿಡಿ ಎಂದು ಸುತ್ತೋಲೆ ಬಂದಿತ್ತು.
ಅವರು ಮೊದಲಿನಿಂದಲೂ ಅಷ್ಟೇ ದೂರ ಕೂರುತ್ತಿದ್ದರು.

ಸ್ವಂತ ನಿಧಿಯಿಂದ ನಾಲ್ಕು ಲಕ್ಷ, ಸಾಂಕ್ರಾಮಿಕದ ಪರಿಹಾರಕ್ಕೆ.
ಮೊದಲ ಗಂಟೆ ಪೂರ್ತಿ
ಅಕ್ಕಿಚೀಲದ ಮೇಲೆ ಯಾರ ಹೆಸರು ಎಂಬುದಕ್ಕೆ ಹೋಯಿತು.
ಅಕ್ಕಿ ದೆಹಲಿಯದು ಎಂದರು ಪುರುಷೋತ್ತಮ ಗಟ್ಟಿ.
ಚೀಲ ತಿರುವನಂತಪುರದ್ದು ಎಂದರು ಕುಂಞಂಬು ಮಾಸ್ಟ್ರು.
ಹಸಿವು ಯಾರದು ಎಂದು ಬೀಫಾತಿಮ್ಮ ಕೇಳಿದ್ದಕ್ಕೆ
ಅದು ವಿಷಯಸೂಚಿಯಲ್ಲಿಲ್ಲ ಎಂದು ಉತ್ತರ ಬಂತು.

ಕೊನೆಗೆ ಬಿಳಿ ಚೀಲ. ಹೆಸರಿಲ್ಲ, ಚಿತ್ರವಿಲ್ಲ.
ವಾರ್ಡಿಗೆ ಮೂವತ್ತು, ಸರಿಸಮ.
ಕಡಪ್ಪುರದಲ್ಲಿ ಬಲೆ ಮಡಚಿಟ್ಟು ಕೂತ ನೂರನಾಲ್ಕು ಮನೆಗೆ ಮೂವತ್ತು,
ಗುಡ್ಡೆಯ ಮೇಲೆ ದುಬೈ ದುಡ್ಡಿನ ಮಾರ್ಬಲ್ಲಿನ ಮನೆಗಳಿಗೂ ಮೂವತ್ತು.
ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ,
ಆ ದಿನ ಕೋಲನ್ನು ಹದಿನೈದು ತುಂಡು ಮಾಡಿ ಹಂಚಿಕೊಂಡರು.
ಹಾವು ಮೇಜಿನ ಕೆಳಗೆ ಹಾಗೇ ಮಲಗಿತ್ತು.

ನಾಲ್ಕನೆಯ ಕಲಮು:
ಡಯಾಲಿಸಿಸ್ಸಿನ ಆರು ಮಂದಿಗೆ ವಾರಕ್ಕೆರಡು ಸಲ ಜೀಪು.
ಎಲ್ಲಿಗೆ?
ಮಂಗಳೂರಿಗೆ ಹದಿನೆಂಟು ಕಿಲೋಮೀಟರು, ನಡುವೆ ಮಣ್ಣಿನ ರಾಶಿ.
ಪರಿಯಾರಕ್ಕೆ ನೂರರ ಮೇಲೆ, ರಸ್ತೆ ತೆರೆದಿದೆ.
ಮಣ್ಣು ಸುರಿದವರನ್ನು 'ಖಂಡಿಸಿ' ಎಂದು ಸೇರಿಸದಿದ್ದರೆ
ಕಿಟಕಿಯ ಬದಿಯವರ ಕೈ ಏಳುವುದಿಲ್ಲ,
ಸೇರಿಸಿದರೆ ಗೋಡೆಯ ಬದಿಯವರದು.
'ವಿಷಾದಿಸಿ' ಆಗಬಹುದೇ ಎಂದು ಅಧ್ಯಕ್ಷೆ ನನ್ನ ಕಡೆ ನೋಡಿದರು.
ನನ್ನಲ್ಲಿ ಇನ್ನೂ ಮೆತ್ತಗಿನ ಶಬ್ದಗಳಿದ್ದವು,
ಕಳವಳ, ಗಮನಕ್ಕೆ ತರುತ್ತಾ, ಆಶಿಸುತ್ತಾ.
ಒಂದೊಂದಾಗಿ ತಕ್ಕಡಿಗಿಟ್ಟೆ.
ನಾಲ್ಕೂಕಾಲಿಗೆ ಚಹಾ ಬಂತು.
ನಾಲ್ಕೂವರೆಗೆ ಕಲಮನ್ನೇ ಕೈಬಿಟ್ಟರು,
ಉಳಿದದ್ದಾದರೂ ಪಾಸಾಗಲಿ ಎಂದು.

ಪಾಸಾಯಿತು. ಅದೂ ಸಣ್ಣ ಮಾತಲ್ಲ.
ಚೀಲ ತಲೆಗೇರಿಸಿಕೊಂಡು ಹೋದವರ ನಡಿಗೆಯನ್ನು
ಮರುದಿನ ಇದೇ ಕಿಟಕಿಯಿಂದ ನೋಡಿದ್ದೇನೆ.

ಮಲಯಾಳದಲ್ಲಿ ಅದಕ್ಕೆ 'ಐಕಕಂಠ್ಯೇನ'.
ಸರ್ವಾನುಮತ ಎಂದು ಬರೆಯುವುದು ವಾಡಿಕೆ.
ನಾನು 'ಒಕ್ಕೊರಲಿನಿಂದ' ಎಂದು ಬರೆದೆ.
ಕೊರಲೆಂದರೆ ಗಂಟಲು.
ಊರಿನ ಗಂಟಲಿಗೆಲ್ಲ ಹತ್ತಿಯ ಕಡ್ಡಿ ಹಾಕಿ ನೋಡುತ್ತಿದ್ದ ಕಾಲ,
ಹದಿನೈದು ಮಾಸ್ಕುಗಳ ಹಿಂದೆ ಒಂದೇ ಗಂಟಲಂತೆ.

ಹೊರಗೆ, ಕೈತೊಳೆಯಲು ಇಟ್ಟ ಬಕೆಟಿನ ಹತ್ತಿರ,
ಗಟ್ಟಿಯವರು ಮಾಸ್ಟ್ರಿಗೆ ತುಳುವಿನಲ್ಲಿ ಏನೋ ಹೇಳಿದರು.
ಒಂದೇ ಸಾಬೂನು. ಅವರು ಚಾಚಿದರು, ಇವರು ತೆಗೆದುಕೊಂಡರು.
ಬುಧವಾರದಿಂದ ಜೀಪೊಂದು ತೆಂಕಕ್ಕೆ ಓಡಿತು.
ಡೀಸೆಲು ಯಾರದೆಂದು ಇಬ್ಬರೂ ಬಾಯಿಬಿಡಲಿಲ್ಲ,
ತಿಳಿದರೆ ಇಬ್ಬರಿಗೂ ಅವರವರ ಪಕ್ಷದಿಂದ ನೋಟೀಸು.

ನಾಲ್ಕು ಮಂದಿ ಹೋಗಿ ಬರುತ್ತಿದ್ದರು.
ಲಿಲ್ಲಿಬಾಯಿ ಕ್ರಾಸ್ತಾ ಅಷ್ಟು ದೂರ ಕೂರಲಾರೆನೆಂದು ಮನೆಯಲ್ಲೇ ಉಳಿದರು,
ಅವರ ಜಗಲಿಗೆ ರಾತ್ರಿ ಮಂಗಳೂರಿನ ಬೆಳಕು ಕಾಣುತ್ತದೆ.
ಆರನೆಯವನು ನನ್ನ ಸೋದರಮಾವ.
ಸಭೆಯಲ್ಲಿ ಅದನ್ನು ಹೇಳಿರಲಿಲ್ಲ.
ಅನುವಾದಕ್ಕೆ ಕೂತವಳು ಮಾತಾಡುವ ಕ್ರಮವಿಲ್ಲ.

ಟೈಪು ಮಾಡುವಾಗ ಅಂಕಿಗಳನ್ನು ಸರಿಪಡಿಸಲಿಲ್ಲ.
ಕನ್ನಡದ ಪ್ರತಿಯಲ್ಲಿ ಮೂರರ ನಂತರ ಐದು.
ಈ ವರ್ಷ ಆಡಿಟಿನವರು ಕೆಂಪು ಪೆನ್ನಿನಲ್ಲಿ ಕೇಳಿದ್ದಾರೆ:
ನಾಲ್ಕು ಎಲ್ಲಿ?
ಉತ್ತರಕ್ಕೆ ಒಂದು ಸಾಲಿನ ಜಾಗ.
ಕೈತಪ್ಪು ಎಂದು ಬರೆದು ಸಹಿ ಹಾಕಬೇಕು.
ಹಾಕುತ್ತೇನೆ.
ಇವತ್ತು ಬೇಡ.